ಬೇಲಿಯೋ, ಅಕ್ಕಡಿಯೋ, ಹೊಂಡವೋ, ಬೀಳೋ? ಬೆಂಗಳೂರಿನ ಸುತ್ತ ಜಮೀನಿರುವವರಿಗೆ ಒಂದು ಹೋಲಿಕೆ

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಹೋದವು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾಯಿತು. ಅಲ್ಲಿಂದ, ಜಮೀನಿನಲ್ಲಿ ಹಕ್ಕಿ, ಜೇನು, ಕಪ್ಪೆಯಂಥ ಜೀವಿಗಳಿಗೂ ಜಾಗ ಮಾಡಿಕೊಡುವುದು ಹೇಗೆ ಅನ್ನುವ ಒಂದೇ ಬಗೆಯ ಪ್ರಶ್ನೆಗಳು ಬರುತ್ತಲೇ ಇವೆ. "ದೊಡ್ಡಬಳ್ಳಾಪುರದ ಹತ್ತಿರ ಎರಡು ಎಕರೆ ಇದೆ, ಸುಮ್ನೆ ಕಾಡು ಬೆಳೆಯಲಿ ಅಂತ ಬಿಟ್ಟುಬಿಡಲಾ?" "ಹೊಂಡ ತೋಡಿಸಿದರೆ ಹಕ್ಕಿ ಬರುತ್ತವಾ?" ಅಪ್ಪನ ಕಾಲದ ಜಮೀನಲ್ಲಿ ಇವತ್ತಿಗೂ ರಾಗಿ ಬೆಳೆಯುವವರ ಪ್ರಶ್ನೆ ಬೇರೆ. "ಆದಾಯಕ್ಕೆ ಪೆಟ್ಟು ಬೀಳದ ಹಾಗೆ ಏನಾದರೂ ಮಾಡಬಹುದಾ?"

ಇವರೆಲ್ಲರಿಗೂ ಮೊದಲು ಹೇಳಬೇಕಾದದ್ದು ಒಂದಿದೆ. ಎರಡು ಎಕರೆಯನ್ನು ಒಂದು ಪುಟ್ಟ ಅಭಯಾರಣ್ಯ ಅಂದುಕೊಳ್ಳಬೇಡಿ. ಹೆಜ್ಜೇನು ಹೂ ಹುಡುಕಿಕೊಂಡು ಕಿಲೋಮೀಟರುಗಟ್ಟಲೆ ಹಾರುತ್ತದೆ. ಕಾಡುಪಾಪ ನೆಲಕ್ಕಿಳಿಯಲು ಹಿಂಜರಿಯುತ್ತದೆ, ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ನಿರಾಳವಾಗಿ ಮುಂದೆ ಹೋಗುತ್ತದೆ. ಕಪ್ಪೆಗೆ ಮೊಟ್ಟೆ ಇಡಲು ನೀರು ಬೇಕು, ವರ್ಷದ ಉಳಿದ ಕಾಲಕ್ಕೆ ತೇವ ಇರುವ ಬದು ಬೇಕು. ಇಷ್ಟೂ ನಿಮ್ಮ ಬೇಲಿಯೊಳಗೆ ಸಿಗುವುದಿಲ್ಲ. ಹಾಗಾಗಿ ಯಾವ ಆಯ್ಕೆ ಒಳ್ಳೆಯದು ಅನ್ನುವುದನ್ನು ನಿಮ್ಮ ಜಮೀನಿಗಿಂತ ಜಾಸ್ತಿ ಅದರ ಸುತ್ತಲಿನ ಒಂದು ಕಿಲೋಮೀಟರ್ ತೀರ್ಮಾನಿಸುತ್ತದೆ.

ಆ ಒಂದು ಕಿಲೋಮೀಟರನ್ನು ನೋಡುವುದು ಕಷ್ಟವಲ್ಲ. ಫೋನಿನ ಉಪಗ್ರಹ ನಕ್ಷೆಯಲ್ಲಿ ಮರಗಳ ಸಾಲು, ಕೆರೆ, ಹುಲ್ಲು, ನೀಲಗಿರಿ ತೋಪು ಎಲ್ಲ ಕಾಣುತ್ತವೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಪಕ್ಕದ್ದು ಖಾಸಗಿಯೋ, ಗೋಮಾಳವೋ, ಕೆರೆ ಅಂಗಳವೋ ಗೊತ್ತಾಗುತ್ತದೆ. ಸಸಿ ತರುವ ಮೊದಲು ಇದನ್ನು ಮಾಡಿ.

ಯಾವುದರಿಂದ ಅಳೆಯುವುದು?

ನಾನು ಐದು ಪ್ರಶ್ನೆ ಕೇಳುತ್ತೇನೆ. ಈ ಕೆಲಸ ಸುತ್ತಮುತ್ತ ಈಗಾಗಲೇ ಇರುವ ಯಾವುದಾದರೂ ಹಸಿರಿಗೋ ನೀರಿಗೋ ಕೊಂಡಿ ಹಾಕುತ್ತದಾ? ಮೊದಲ ಎರಡು ಮೂರು ಬೇಸಿಗೆ ನೀರು ಹಾಕುವವರು ಯಾರು? ಎಷ್ಟು ಗುಂಟೆ ಮತ್ತು ಎಷ್ಟು ದುಡ್ಡು ಹೋಗುತ್ತದೆ? ಅಕ್ಕಪಕ್ಕದವರ ಬೆಳೆಗೆ ತೊಂದರೆಯಾಗುತ್ತದಾ? ಐದು ವರ್ಷ ಬಿಟ್ಟು ಮನಸ್ಸು ಬದಲಾದರೆ ಹಿಂದೆ ಬರಬಹುದಾ?

ಇವುಗಳಲ್ಲಿ ಎರಡನೆಯದನ್ನು ಬೆಂಗಳೂರಿನವರು ಹೆಚ್ಚು ಮರೆಯುತ್ತಾರೆ. ಜೂನ್‌ನಲ್ಲಿ ಹುರುಪಿನಿಂದ ನೆಟ್ಟ ಸಸಿ ಮಾರ್ಚ್ ಹೊತ್ತಿಗೆ ಕಡ್ಡಿಯಾಗಿರುತ್ತದೆ. ಇದು ಪೂರ್ವದ ಒಣ ವಲಯ. ಮುಂಗಾರು ಹಿಂಗಾರು ಎರಡೂ ಬರುತ್ತವೆ, ಆದರೆ ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ನಂಬುವ ಹಾಗಿಲ್ಲ.

ಜೀವಂತ ಬೇಲಿ ಮತ್ತು ಬದು

ಹಾಕಿದ ದುಡ್ಡಿಗೆ ಜಾಸ್ತಿ ಫಲ ಕೊಡುವುದು ಇದೇ ಅನ್ನುವುದು ನನ್ನ ಅಭಿಪ್ರಾಯ. ಲೆಕ್ಕ ನೋಡಿ. ಚೌಕವಾಗಿರುವ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಸುತ್ತ ಒಂದು ಮೀಟರ್ ಅಗಲಕ್ಕೆ ಗಿಡ ಹಾಕಿದರೆ 40 ಗುಂಟೆಯಲ್ಲಿ ಹೋಗುವುದು ಎರಡೂವರೆ ಗುಂಟೆ. ಪಕ್ಕದವರು ಒಪ್ಪಿ ಬದುವಿನ ಆಚೆ ಅರ್ಧ, ಈಚೆ ಅರ್ಧ ಬಿಟ್ಟುಕೊಟ್ಟರೆ ಅದರಲ್ಲೂ ಅರ್ಧ ಉಳಿಯುತ್ತದೆ. ಮೇಲಾಗಿ ಬದು ಅನ್ನುವುದು ಉದ್ದಕ್ಕೆ ಹೋಗುವ ವಸ್ತು. ಹತ್ತು ಜನರ ಬದು ಕೂಡಿದರೆ ಕೆರೆಯಿಂದ ಗುಂಡುತೋಪಿನವರೆಗೆ (ಊರಿಗೆ ಸೇರಿದ ಹಳೆಯ ಮರಗಳ ತೋಪು) ದಾರಿಯಾಗುತ್ತದೆ. ಮೊದಲ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇರೆ ಯಾವುದರಲ್ಲೂ ಇಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೂ ಲಕ್ಕಿ, ತಂಗಡಿ, ಬಂದರಿಕೆಯನ್ನು ಆಡುಗಳು ಸಾಮಾನ್ಯವಾಗಿ ಬಿಟ್ಟು ಹೋಗುತ್ತವೆ. ಈ ಮೂರೂ ಕಡಿಮೆ ನೀರಲ್ಲಿ ಬರುವ, ಇಲ್ಲಿನದೇ ಗಿಡಗಳು. ತಂಗಡಿ ವರ್ಷದ ಬಹುಪಾಲು ಹಳದಿ ಹೂ ಬಿಡುತ್ತದೆ. ದೊಡ್ಡ ಕಪ್ಪು ಮರದುಂಬಿಗಳು ಅದನ್ನು ಬಿಡುವುದೇ ಇಲ್ಲ. ಇವುಗಳ ನಡುವೆ ಕವಳೆ, ಸೀಗೆ ಹಾಕಿದರೆ ಮುಳ್ಳೂ ಆಯಿತು, ಹಣ್ಣೂ ಆಯಿತು. ಅಲ್ಲಲ್ಲಿ ಒಂದು ಹೊಂಗೆ, ಒಂದು ಬೇವು. ತೇವ ಇರುವ ಮೂಲೆಯಲ್ಲಿ ಈಚಲು ಇದ್ದರೆ ಗೀಜಗ ಗೂಡು ಕಟ್ಟುವ ಸಾಧ್ಯತೆ ಇದೆ.

ತೊಂದರೆ ಎರಡು. ದನ ತಡೆಯುವಷ್ಟು ದಟ್ಟವಾಗಲು ಮೂರು ವರ್ಷ ಬೇಕು. ಅಲ್ಲಿಯವರೆಗೆ ಒಣ ಮುಳ್ಳೋ ತಂತಿಯೋ ಬೇಕೇ ಬೇಕು. ಇನ್ನೊಂದು ಹಾವಿನ ಭಯ. ಕೂಲಿಗೆ ಬರುವವರು ಇದನ್ನು ಹೇಳುತ್ತಾರೆ, ಅವರ ಮಾತು ಸರಿಯೇ. ಬೇಲಿಗೂ ಬೆಳೆಗೂ ನಡುವೆ ಎರಡು ಅಡಿ ಸವರಿ ಇಟ್ಟರೆ ಓಡಾಟಕ್ಕೆ ಅನುಕೂಲ. ಇಲಿ ಸೇರುತ್ತದೆ ಅಂತ ವಿಷ ಇಡಬೇಡಿ. ವಿಷ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ, ಆಮೇಲೆ ಇಲಿ ಹಿಡಿಯಲು ಗೂಬೆಯೇ ಇರುವುದಿಲ್ಲ.

ಈಗಾಗಲೇ ಲಂಟಾನದ (ಹೊರಗಿನಿಂದ ಬಂದು ಹಬ್ಬಿರುವ ಕಳೆ ಪೊದೆ) ಬೇಲಿ ಇದ್ದರೆ ಒಂದೇ ಸಲ ಕಿತ್ತು ಹಾಕಬೇಡಿ. ಮೊಲ, ಕೌಜುಗ ಅದರೊಳಗೇ ಬದುಕುತ್ತಿರುತ್ತವೆ. ಒಂದು ವರ್ಷಕ್ಕೆ ಒಂದು ಬದಿ ಕಿತ್ತು, ಬೇರೆ ಗಿಡ ಹಿಡಿದ ಮೇಲೆ ಮುಂದಿನ ಬದಿ. ಜಾಲರಿ ಬೇಲಿ ಹಾಕಲೇಬೇಕು ಅನ್ನುವವರು ಕೆಳಗೆ ಅಲ್ಲಲ್ಲಿ ಮುಂಗುಸಿ, ಮೊಲ ನುಸುಳುವಷ್ಟು ಕಿಂಡಿ ಬಿಡಿ.

ಅಕ್ಕಡಿ ಸಾಲು

ಬೇಸಾಯದಿಂದಲೇ ಮನೆ ನಡೆಯಬೇಕಾದವರು ಇಲ್ಲಿಂದ ಶುರು ಮಾಡಬಹುದು. ಒಂದು ಗುಂಟೆಯನ್ನೂ ಬಿಡಬೇಕಿಲ್ಲ. ರಾಗಿ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ, ಹರಳು ಹಾಕುವ ಈ ಅಕ್ಕಡಿ ಪದ್ಧತಿ ಬೆಂಗಳೂರು, ಕೋಲಾರ, ತುಮಕೂರು ಕಡೆಯವರಿಗೆ ಹೊಸದೇನಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ, ಯಾವುದು ಎಷ್ಟು ಸಾಲಿಗೆ ಒಂದು ಅಂತ ಬಾಯಲ್ಲೇ ಹೇಳುತ್ತಾರೆ.

ಇದರ ಗುಟ್ಟು ಹೂವಿನ ಸಮಯದಲ್ಲಿದೆ. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಜೇನಿಗೆ ಅದರಿಂದ ಏನೂ ಸಿಗುವುದಿಲ್ಲ. ಬರೀ ರಾಗಿಯ ಹೊಲ ಜೇನಿನ ಪಾಲಿಗೆ ಹೆಚ್ಚುಕಮ್ಮಿ ಬರಡು. ಹುಚ್ಚೆಳ್ಳು ಸೇರಿದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೊಲ ಹಳದಿಯಾಗುತ್ತದೆ. ಅದಕ್ಕೆ ಕಾಳು ಕಟ್ಟಲು ಕೀಟಗಳೇ ಬೇಕು. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುತ್ತದೆ, ತೊಗರಿಯೂ ತಡವಾಗಿಯೇ. ಹೀಗೆ ರಾಗಿ ಕೊಯ್ಲಿನ ಹೊತ್ತಿಗೆ ಅವು ಹೂವಲ್ಲಿರುತ್ತವೆ. ಅಲ್ಲಿಂದ ಮುಂದೆ ಮಾವು, ಮಾರ್ಚ್‌ನಲ್ಲಿ ಹೊಂಗೆ, ಬೇವು, ನೇರಳೆ. ಹೊಲ, ಬದು, ತೋಪು ಮೂರೂ ಸೇರಿದರೆ ತುಡುವೆ ಜೇನಿಗೆ ಖಾಲಿ ತಿಂಗಳು ಇರುವುದಿಲ್ಲ. ಅವರೆಯಲ್ಲಿ ಕಾಯಿಕೊರಕ ಬಂದರೆ ಹೊಲದಲ್ಲಿ ಅಲ್ಲಲ್ಲಿ ಅಡ್ಡಕಡ್ಡಿ ಕಟ್ಟಿದ ಕೋಲು ನೆಡಿ. ಕಾಜಾಣ, ನೀಲಕಂಠ ಕೂತು ಹುಳು ಹೆಕ್ಕುತ್ತವೆ.

ಇಷ್ಟೆಲ್ಲ ಒಳ್ಳೆಯದಿದ್ದರೆ ಜನ ಯಾಕೆ ಬಿಟ್ಟರು? ಕೂಲಿ. ರಾಗಿ ಕೊಯ್ಯಲು ಯಂತ್ರ ಬಂದ ಮೇಲೆ ನಡುವಿನ ತೊಗರಿ, ಅವರೆ ಅಡ್ಡಿಯಾದವು. ಅಗಲ ಎಲೆಯ ಕಳೆಗೆ ಹೊಡೆಯುವ ಔಷಧಿ ಅವರೆಯನ್ನೂ ಸುಡುತ್ತದೆ. ಇದನ್ನು ಕಡೆಗಣಿಸಿ "ಹಳೇ ಪದ್ಧತಿಗೆ ಮರಳಿ" ಅನ್ನುವುದು ಸುಲಭ. ಮಧ್ಯದ ದಾರಿ ಇದೆ. ಯಂತ್ರದ ಅಗಲ ನೋಡಿಕೊಂಡು ರಾಗಿಯ ಪಟ್ಟಿ, ಆಮೇಲೆ ನಾಲ್ಕೈದು ಸಾಲು ಅಕ್ಕಡಿಯ ಪಟ್ಟಿ, ಮತ್ತೆ ರಾಗಿ. ಹಳೆಯ ರೀತಿಯಷ್ಟು ಬೆರಕೆ ಅಲ್ಲ, ಆದರೆ ಹೂವಂತೂ ಬರುತ್ತದೆ. ವಾರಕ್ಕೊಮ್ಮೆ ಹೋಗುವವರಿಗೆ ಅಕ್ಕಡಿ ಕಷ್ಟ. ಪಾಲಿಗೆ ಮಾಡುವವರು ಊರಲ್ಲಿದ್ದರೆ ಮಾತ್ರ ಯೋಚಿಸಿ.

ಮರಗಳು

ಮರ ನೆಡುವುದು ಒಳ್ಳೆಯದೇ ಅಲ್ವಾ ಅಂತ ಕೇಳುತ್ತಾರೆ. ಎಲ್ಲಿ, ಯಾವುದು ಅನ್ನುವುದರ ಮೇಲೆ ನಿಂತಿದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಹೊಸಕೋಟೆ, ದೇವನಹಳ್ಳಿ, ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ಬಂತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅದೂ ಮರವೇ ಆಗಿತ್ತು.

ಒಂದೇ ಜಾತಿಯ ಮರಗಳ ತೋಟಕ್ಕಿಂತ ಹೊಲದಲ್ಲಿ ಚದುರಿದ ಹತ್ತು ಹನ್ನೆರಡು ಬಗೆಬಗೆಯ ಮರ ಎಷ್ಟೋ ಮೇಲು. ಅತ್ತಿ, ಆಲ, ಬಸರಿ ಜಾತಿಯಲ್ಲಿ ಒಂದಾದರೂ ಇರಲಿ. ಬೇರೆಬೇರೆ ಮರಗಳು ಬೇರೆಬೇರೆ ಹೊತ್ತಿಗೆ ಹಣ್ಣು ಬಿಡುವುದರಿಂದ, ಬೇರೇನೂ ಸಿಗದ ಕಾಲದಲ್ಲೂ ಹಕ್ಕಿ, ಬಾವಲಿಗೆ ಊಟ. ಆದರೆ ಆಲದ ನೆರಳು ದೊಡ್ಡದು. ಎರಡೆಕರೆಯಲ್ಲಿ ಅದಕ್ಕೆ ಜಾಗ ಇಲ್ಲ, ಐದಾರು ಜನ ಸೇರಿ ದಾರಿಬದಿಯಲ್ಲಿ ಒಂದು ಬೆಳೆಸಬಹುದು. ನೆರಳಿನ ವಿಷಯ ಬಂದಾಗ ಇನ್ನೊಂದು ಮಾತು. ನವೆಂಬರ್, ಡಿಸೆಂಬರ್‌ನಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ. ನಿಮ್ಮ ಉತ್ತರದ ಬದುವಿನಲ್ಲಿ ಎತ್ತರದ ಮರ ಸಾಲಾಗಿ ನೆಟ್ಟರೆ ನಿಮಗೇನೂ ಆಗುವುದಿಲ್ಲ, ಪಕ್ಕದವರ ಅವರೆ ಸೊರಗುತ್ತದೆ. ಹಳ್ಳಿಯಲ್ಲಿ ಅರ್ಧ ಜಗಳ ಹೀಗೇ ಶುರುವಾಗುತ್ತವೆ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರಿಯಾಯಿತಿ ದರಕ್ಕೆ ಸಸಿ ಸಿಗುತ್ತದೆ. ಬದುಕಿದ ಸಸಿಗಳನ್ನು ಎಣಿಸಿ ಮೂರು ವರ್ಷ ಪ್ರೋತ್ಸಾಹಧನವನ್ನೂ ಕೊಡುತ್ತಾರೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಹಿಂದೆ ಬರುವ ಪ್ರಶ್ನೆಯನ್ನೂ ಮರೆಯಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮದೇ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ಸರ್ವೆ (ಗಾಳಿಮರ), ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ರೈತರು ಸಿಲ್ವರ್ ಓಕ್ ಇಷ್ಟಪಡಲು ಇದೂ ಒಂದು ಕಾರಣ.

ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಪುಟ್ಟ ಕಾಡು ಬೆಳೆಸುವ ಜಪಾನಿನ ಮಿಯಾವಾಕಿ ವಿಧಾನದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಚದರ ಮೀಟರಿಗೆ ಮೂರು ಸಸಿ ಅಂದರೆ ಒಂದು ಗುಂಟೆಗೆ ಮುನ್ನೂರಕ್ಕೂ ಜಾಸ್ತಿ ಸಸಿ. ಮಣ್ಣು ಅಗೆದು, ಗೊಬ್ಬರ ತುಂಬಿ, ದಿನಾ ನೀರು ಕೊಡಬೇಕು. ನಗರದೊಳಗಿನ ಸಣ್ಣ ಜಾಗಕ್ಕೆ ಸರಿ ಇರಬಹುದು. ಒಣಭೂಮಿಯ ಹೊಲಕ್ಕೆ ನಾನು ಹೇಳುವುದಿಲ್ಲ, ಅದೇ ದುಡ್ಡಿನಲ್ಲಿ ನಾಲ್ಕು ಬದಿಗೂ ಬೇಲಿ ಆಗುತ್ತದೆ.

ಹೊಂಡ

ಬೇಗ ಕಣ್ಣಿಗೆ ಕಾಣುವ ಫಲ ಬೇಕು ಅಂದರೆ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹೊಂಡಕ್ಕೆ ಹೋಗುವುದು ಒಂದೇ ಗುಂಟೆ. ಮೊದಲ ಮಳೆಗಾಲದಲ್ಲೇ ಕಪ್ಪೆ, ಏರೋಪ್ಲೇನ್ ಚಿಟ್ಟೆ ಬರುತ್ತವೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಹಾಯಧನ ಇದೆ.

ಆದರೆ ನೀರಾವರಿಗೆ ಮಾಡುವ ಹೊಂಡ ಬೇರೆ, ಜೀವಿಗಳಿಗೆ ಮಾಡುವ ಹೊಂಡ ಬೇರೆ. ನಮ್ಮ ಕೆಂಪು ಮಣ್ಣಿನಲ್ಲಿ ನೀರು ಇಂಗುತ್ತದೆ ಅಂತ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಕಡಿದಾದ ಜಾರು ಬದಿ. ಬಿದ್ದ ಮೊಲ, ಹಾವು, ಮುಂಗುಸಿ ಮೇಲೆ ಬರಲಾಗದೆ ಸಾಯುತ್ತವೆ. ಮಕ್ಕಳಿಗೂ ಅಪಾಯ. ಹಾಳೆ ಹಾಕಲೇಬೇಕಾದರೆ ಒಂದು ಮೂಲೆಯಲ್ಲಿ ನೀರಿನವರೆಗೆ ತೆಂಗಿನ ನಾರಿನ ದಪ್ಪ ಹಗ್ಗದ ಬಲೆ ಇಳಿಬಿಡಿ, ಸುತ್ತ ಬೇಲಿ ಹಾಕಿ. ಬೆಳೆಗೆ ನೀರು ಬೇಡ ಅನ್ನುವವರು ಹಾಳೆ ಇಲ್ಲದೆ, ಒಂದು ಬದಿ ನಿಧಾನವಾಗಿ ಇಳಿಯುವ ಹಾಗೆ ತೋಡಿಸಿ. ಬೇಸಿಗೆಯಲ್ಲಿ ಒಣಗಿದರೂ ಪರವಾಗಿಲ್ಲ. ಒಣಗುವ ಹೊಂಡದಲ್ಲಿ ಮೀನು ಉಳಿಯುವುದಿಲ್ಲ, ಹಾಗಾಗಿ ಗೊದಮೊಟ್ಟೆಗಳು ಬದುಕುತ್ತವೆ. ತಿಲಾಪಿಯಾ ಮೀನನ್ನಂತೂ ಬಿಡಲೇಬೇಡಿ.

ಇನ್ನೊಂದು ಎಚ್ಚರಿಕೆ. ಜಮೀನಲ್ಲಿ ಹಳ್ಳವೋ ರಾಜಕಾಲುವೆಯೋ ಹರಿಯುತ್ತಿದ್ದರೆ ಅದನ್ನು ತಡೆದು ಹೊಂಡ ಮಾಡಬೇಡಿ. ನಮ್ಮ ಕೆರೆಗಳು ಸರಪಣಿ, ಮೇಲಿನದು ತುಂಬಿ ಕೆಳಗಿನದಕ್ಕೆ ಹೋಗಬೇಕು. ಹಳ್ಳದ ಎರಡೂ ದಡಕ್ಕೆ ಲಕ್ಕಿ, ಹೊಂಗೆ ಬೆಳೆಯಲು ಬಿಟ್ಟರೆ ಹೊಂಡಕ್ಕಿಂತ ಜಾಸ್ತಿ ಉಪಯೋಗ, ಖರ್ಚೂ ಇಲ್ಲ.

ಬೀಳು ಬಿಡುವುದು

ದುಡ್ಡು ಬೇಡ, ಕೆಲಸ ಬೇಡ ಅನ್ನುವ ಕಾರಣಕ್ಕೆ ಎಲ್ಲರಿಗೂ ಇಷ್ಟ. ಆದರೆ ಸುಮ್ನೆ ಬಿಟ್ಟ ಹೊಲಕ್ಕೆ ಮೊದಲು ಬರುವುದು ಕಾಂಗ್ರೆಸ್ ಗಿಡ, ಆಮೇಲೆ ಲಂಟಾನ. ಲಂಟಾನದ ಪೊದೆಗೆ ಕಾಡುಹಂದಿ. ಹಂದಿ ರಾತ್ರಿ ಹೋಗುವುದು ಪಕ್ಕದವರ ಹೊಲಕ್ಕೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಅವರ ಹುಲ್ಲಿನ ಬಣವೆಗೂ ಆಪತ್ತು. ವಾರಾಂತ್ಯಕ್ಕೆ ಬಂದು ಹೋಗುವವರ ಬೀಳು ಭೂಮಿಯ ಬಗ್ಗೆ ಊರಿನವರಿಗೆ ಸಿಟ್ಟಿದ್ದರೆ ಆಶ್ಚರ್ಯವಿಲ್ಲ.

ಹೆಸರಘಟ್ಟದ ಕಡೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಹುಲ್ಲುಗಾವಲೇ ಸಹಜ ನೆಲೆ. ಚಳಿಗಾಲಕ್ಕೆ ವಲಸೆ ಬರುವ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿಗಳು ರಾತ್ರಿ ಹುಲ್ಲಿನ ನಡುವೆ ನೆಲದಲ್ಲೇ ತಂಗುತ್ತವೆ, ಮಿಡತೆ ತಿನ್ನುತ್ತವೆ. ಅಂಥ ಜಾಗದ ಅಕ್ಕಪಕ್ಕ ನಿಮ್ಮ ಜಮೀನಿದ್ದರೆ ಮರ ತುಂಬಬೇಡಿ. ಹುಲ್ಲು ಬಿಡಿ. ಬೀಜ ಉದುರಿದ ಮೇಲೆ ಒಮ್ಮೆ ಕೊಯ್ಯಿರಿ, ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸಿ. ಕುರಿಯವರು ಬಂದರೆ ಮಂದೆ ನಿಲ್ಲಿಸಿಕೊಳ್ಳಿ. ಗೊಬ್ಬರವೂ ಆಗುತ್ತದೆ, ಹುಲ್ಲೂ ಹದವಾಗಿ ಇರುತ್ತದೆ.

ಬೇಲಿಯಾಚೆಯ ಕೆಲಸ

ದುಡ್ಡಿದೆ, ಜಮೀನು ಕಡಿಮೆ ಅನ್ನುವವರು ತಮ್ಮ ನೆಲದ ಮೇಲೆಯೇ ಎಲ್ಲ ಸುರಿಯುವ ಬದಲು ಊರಿನ ಗುಂಡುತೋಪು ನೋಡಬಹುದು. ಹುಣಸೆ, ನೇರಳೆ, ಹಿಪ್ಪೆ, ಮಾವಿನ ಹಳೆಯ ಮರಗಳ ಪೊಟರೆಯನ್ನು ಹೊಸ ಸಸಿ ಇನ್ನೂ ಐವತ್ತು ವರ್ಷ ಕೊಡಲಾರದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ಸುಮಾರು 54 ಎಕರೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆದದ್ದು ಅದೇ. ಅಷ್ಟು ದೊಡ್ಡದಲ್ಲದಿದ್ದರೂ ಎಷ್ಟೋ ಊರಿಗೆ ಒಂದು ತೋಪು ಇದೆ, ಅರ್ಧ ಒತ್ತುವರಿಯಾಗಿ, ಇನ್ನರ್ಧ ಕಸ ತುಂಬಿಕೊಂಡು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದು ಕಾಗದದ ಮೇಲಷ್ಟೇ ಇದ್ದರೂ ತೋಪು, ಕೆರೆಯ ವಿಷಯ ಎತ್ತಲು ಅದೇ ಬಾಗಿಲು. ಇದು ನಿಧಾನದ ಕೆಲಸ. ನಾಲ್ಕು ಸಭೆಗೆ ಹೋದರೂ ಏನೂ ಆಗದಿರಬಹುದು. ಹೊರಗಿನಿಂದ ಬಂದವರು ಮುಂದೆ ನಿಂತರೆ ಇನ್ನೂ ನಿಧಾನ. ಆದರೆ ಬೇರೆ ಯಾವ ಆಯ್ಕೆಗೂ ಇಷ್ಟು ದೊಡ್ಡ ಜಾಗದ ಮೇಲೆ ಪರಿಣಾಮ ಇಲ್ಲ.

ಹಾಗಾದರೆ ಯಾರಿಗೆ ಯಾವುದು?

ಬನ್ನೇರುಘಟ್ಟ, ಆನೇಕಲ್, ಕನಕಪುರದ ಕಾಡಂಚಿನಲ್ಲಿದ್ದರೆ ಆನೆಯನ್ನು ಮೊದಲು ನೆನೆಯಿರಿ. ಹಲಸು, ಬಾಳೆ, ಕಬ್ಬು ಬೇಡ. ಬೇಲಿಗೆ ನೇರ ಕರೆಂಟ್ ಕೊಡುವುದು ಅಪರಾಧ, ಆನೆಗೂ ಮನುಷ್ಯರಿಗೂ ಸಾವು. ದಟ್ಟ ಪೊದೆಗಳನ್ನು ಮನೆಯಿಂದ ದೂರ ಇಡಿ, ಚಿರತೆ ಇರುವ ಜಾಗ. ಇಲ್ಲಿ ಹುಚ್ಚೆಳ್ಳು, ಹುರುಳಿಯಂಥ ಬೆಳೆ ಮತ್ತು ಹಳ್ಳದ ದಡ ಕಾಯುವುದು ಸಾಕು.

ರಾಮನಗರದ ಕಡೆ ದನ ಸಾಕಿದ್ದರೆ ಗಿಡಕ್ಕಿಂತ ಮೊದಲು ಪಶುವೈದ್ಯರ ಜೊತೆ ಮಾತಾಡಿ. ರಾಮದೇವರ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳಿಗೆ, ಕೆಲವು ನೋವು ನಿವಾರಕ ಔಷಧಿ ಪಡೆದು ಸತ್ತ ದನದ ಮಾಂಸವೇ ವಿಷ. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದು 2006ರಲ್ಲೇ ನಿಷೇಧವಾಯಿತು. ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ 2023ರಲ್ಲಿ. ಅವುಗಳ ಬದಲು ಮೆಲಾಕ್ಸಿಕ್ಯಾಂ ಕೇಳಿ.

ಹೊಸಕೋಟೆ, ದೇವನಹಳ್ಳಿಯಲ್ಲಿ ಹಳೆಯ ನೀಲಗಿರಿ ಬುಡಗಳಿದ್ದರೆ ಬಜೆಟ್ಟಿನ ಬಹುಪಾಲು ಅದಕ್ಕೇ ಹೋಗಲಿ. ಕಡಿದರೆ ಮತ್ತೆ ಚಿಗುರುತ್ತದೆ, ಜೆಸಿಬಿಯಲ್ಲಿ ಬೇರು ಸಮೇತ ಕೀಳಿಸಬೇಕು. ಮೊದಲ ವರ್ಷ ಹುರುಳಿ ಎರಚಿ, ಬೇಲಿ ಎರಡನೇ ವರ್ಷಕ್ಕೆ.

ದುಡ್ಡು ಕಡಿಮೆ, ಊರಲ್ಲೇ ಇದ್ದೀರಿ ಅಂದರೆ ಅಕ್ಕಡಿ ಈ ವರ್ಷವೇ, ಜೊತೆಗೆ ಒಂದು ಬದುವಿಗೆ ಬೇಲಿ. ನಗರದಲ್ಲಿದ್ದು ತಿಂಗಳಿಗೆ ಒಂದೆರಡು ಸಲ ಹೋಗುವವರಿಗೆ ಬೇಲಿ ಮತ್ತು ಹಾಳೆ ಇಲ್ಲದ ಹೊಂಡ ಸಾಕು. ಬೇಸಿಗೆಯಲ್ಲಿ ನೀರು ಹಾಕಲು ಊರಿನ ಒಬ್ಬರಿಗೆ ತಿಂಗಳ ಸಂಬಳ ಕೊಡುವ ಲೆಕ್ಕ ಮೊದಲೇ ಇಡಿ. ಕಂಪನಿಯೇ ನೋಡಿಕೊಳ್ಳುವ, ಐದು ಹತ್ತು ಗುಂಟೆಯ ಮ್ಯಾನೇಜ್ಡ್ ಫಾರ್ಮ್ ಕೊಂಡವರಿಗೆ ಒಬ್ಬೊಬ್ಬರೇ ಮಾಡಲು ಹೆಚ್ಚೇನೂ ಇಲ್ಲ. ಎಲ್ಲ ಮಾಲೀಕರೂ ಸೇರಿ ಬಡಾವಣೆಯ ಹೊರಗೋಡೆಯ ಜಾಗದಲ್ಲಿ ಜೀವಂತ ಬೇಲಿ ಕೇಳಬಹುದು, ರಾತ್ರಿಯಿಡೀ ಉರಿಯುವ ದೀಪಗಳನ್ನು ಆರಿಸಲು ಹೇಳಬಹುದು, ಕಳೆನಾಶಕ ನಿಲ್ಲಿಸಲು ಬರೆದುಕೊಡಬಹುದು.

ಸಸಿಗೆ ಜೂನ್‌ನಲ್ಲಿ ಓಡಿದರೆ ನರ್ಸರಿಯಲ್ಲಿ ಉಳಿದಿರುವುದು ಸಿಲ್ವರ್ ಓಕ್ ಅಷ್ಟೇ. ಲಕ್ಕಿ ಕಡ್ಡಿ ನೆಟ್ಟರೆ ಬರುತ್ತದೆ, ಮೊದಲ ಮಳೆ ಬಿದ್ದ ಮೇಲೆ ಯಾವುದಾದರೂ ಹಳ್ಳದ ದಡದಿಂದ ಕೇಳಿ ತನ್ನಿ. ತಂಗಡಿ, ಸೀಗೆ ಬೀಜ ಬೇಸಿಗೆಗೆ ಮುಂಚೆಯೇ ಆರಿಸಿಡಿ. ನಾಟಿ ಅವರೆ, ಹುಚ್ಚೆಳ್ಳಿನ ಬೀಜ ಊರಲ್ಲಿ ಸಿಗದಿದ್ದರೆ ನವೆಂಬರಿನಲ್ಲಿ ಜಿಕೆವಿಕೆಯ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿ ಮೇಳಕ್ಕೆ ಹೋಗಿ ವಿಚಾರಿಸಿ.